ಎರಡೂವರೆ ಲಕ್ಷದ ಏರು

ಪರ್ವರಿಯ ಶೋರೂಮಿನಲ್ಲಿ ಎ.ಸಿ. ವಿಪರೀತ.
ಸ್ವಿಝೆಲ್ ಎಂಬ ಹುಡುಗಿ ಎರಡು ಹಾಳೆ ಮುಂದಿಟ್ಟಳು.
ಒಂದರಲ್ಲಿ ಎಂಜಿನ್ನಿನ ಬಲ ಮುಂದಿನೆರಡು ಚಕ್ರಕ್ಕೆ ಮಾತ್ರ;
ಹಿಂದಿನೆರಡು ಸುಮ್ಮನೆ ಬರುತ್ತವೆ,
ದಿಬ್ಬಣದ ಕೊನೆಯ ನೆಂಟರ ಹಾಗೆ.
ಇನ್ನೊಂದರಲ್ಲಿ ನಾಲ್ಕಕ್ಕೂ ದುಡಿಮೆ.
ನಡುವೆ ಎರಡು ಲಕ್ಷ ನಲವತ್ತೆಂಟು ಸಾವಿರ.

ಎಲ್ಲಿ ಓಡಿಸುತ್ತೀರಿ ಮೇಡಂ?
ವಾಳಪೈ, ಅಂದೆ. ಅದರಾಚೆಗೂ. ದನದ ಡಾಕ್ಟರು.
ಅವಳು ಗೋಡೆಯ ಚಿತ್ರ ತೋರಿಸಿದಳು:
ಹಿಮದ ಬೆಟ್ಟ, ತುದಿಯಲ್ಲಿ ಇದೇ ಕಾರು,
ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ.
ಸತ್ತರಿಯಲ್ಲಿ ಹಿಮ ಬೀಳುವುದಿಲ್ಲ ತಾಯಿ.
ಗೇರುಹಣ್ಣು ಬೀಳುತ್ತದೆ, ಕೆಂಪು ದರೆ ಬೀಳುತ್ತದೆ,
ಆಷಾಢದಲ್ಲಿ ಕರೆಂಟಿನ ಕಂಬ.

ನನ್ನದು ಒಂದೇ ಏರಿನ ಲೆಕ್ಕ.
ಪುಂಡಲೀಕ ಗಾವಸನ ಕೊಟ್ಟಿಗೆಯ ಏರು,
ನೂರಾ ಎಂಬತ್ತು ಹೆಜ್ಜೆ. ಅಳೆದದ್ದೂ ಆಗಿದೆ,
ಔಷಧದ ಪೆಟ್ಟಿಗೆ ಹೊತ್ತು, ಚಪ್ಪಲಿ ಕೈಯಲ್ಲಿ ಹಿಡಿದು.
ಉಳಿದದ್ದೆಲ್ಲ ಡಾಂಬರು.
ಹನ್ನೊಂದು ವರ್ಷದಲ್ಲಿ ಹೂತುಕೊಂಡದ್ದು ಐದು ಸಲ.
ಪೆಟ್ರೋಲಿನ ರಸೀದಿಯ ಹಿಂದೆ ಭಾಗಿಸಿದೆ:
ಸಲಕ್ಕೆ ನಲವತ್ತೊಂಬತ್ತು ಸಾವಿರದ ಆರುನೂರು.

ಧಾರವಾಡದಿಂದ ಅಕ್ಕ ಫೋನಿನಲ್ಲಿ:
“ನಾಕೂ ಗಾಲಿ ಎಳಿಯೂದಂದ್ರ
ಎಣ್ಣಿ ಎಷ್ಟ್ ಕುಡೀತದ, ಅದನ್ನ ಕೇಳೀಯೇನು ಮೊದಲ?”
ಕೇಳಿರಲಿಲ್ಲ.

ಡಿಚೋಲಿಯ ಗ್ಯಾರೇಜಿನ ಅಗ್ನೆಲ್
ಕಾರಿನಡಿಯಿಂದ ತಲೆಯನ್ನಷ್ಟೇ ಹೊರಹಾಕಿ ಹೇಳಿದ:
ಹತ್ತಲಿಕ್ಕೆ ನಾಲ್ಕು ಬೇಕಾಗಬಹುದು ಬಾಯ್,
ನಿಲ್ಲಲಿಕ್ಕೆ? ಅಗ್ಗದ ಕಾರಿಗೂ ನಾಲ್ಕೇ ಬ್ರೇಕು,
ದುಬಾರಿಯದಕ್ಕೂ ನಾಲ್ಕೇ.
ಇಳಿಜಾರು ಯಾರ ಬಿಲ್ಲನ್ನೂ ಓದುವುದಿಲ್ಲ.
ಟೈರು ಬದಲಿಸು ಮೊದಲು, ಎಂದು ಮತ್ತೆ ಒಳಗೆ ಸರಿದ.

ಐದನೆಯ ಸಲದ್ದು ಮಾತ್ರ ಭಾಗಾಕಾರಕ್ಕೆ ಬಗ್ಗುವುದಿಲ್ಲ.
ಹೋದ ವರ್ಷ ಜುಲೈ, ರಾತ್ರಿ ಎರಡಕ್ಕೆ ಕರೆ.
ಎಮ್ಮೆಗೆ ಕರು ಅಡ್ಡ ಸಿಕ್ಕಿದೆ.
ಅರ್ಧ ಏರಿನಲ್ಲಿ ಚಕ್ರ ಬರೀ ಕೆಸರು ಕಡೆಯಿತು,
ಕ್ಲಚ್ಚು ಸುಟ್ಟ ವಾಸನೆ.
ಮೇಲಿಂದ ಟಾರ್ಚು ಹಿಡಿದು ಇಳಿದವಳು
ಪುಂಡಲೀಕನ ತಾಯಿ ಶೆವಂತಿ,
ಸೈಕಲ್ಲನ್ನೂ ತುಳಿದವಳಲ್ಲ.
ಬೆನ್ನು ಮಾಡಿ ಬಾ, ಅಂದಳು.
ಏನು?
ಕಾರಿನ ಮುಖ ತಿರುಗಿಸು. ಹಿಮ್ಮುಖ ಹತ್ತು.
ಚುನಾವಣೆಯವರ ಹಳೇ ಡಬ್ಬಾ ಹೀಗೇ ಬಂದಿತ್ತು,
ಓಟಿನ ಪೆಟ್ಟಿಗೆ ಹೊತ್ತು.

ತಿರುಗಿಸಿದೆ. ಭಾರವೆಲ್ಲ ಮುಂದಿನೆರಡರ ಮೇಲೆ ಕೂತಿತು.
ಕನ್ನಡಿಯಲ್ಲಿ ಮುದುಕಿಯ ಟಾರ್ಚು ಚಿಕ್ಕದಾಗಿ ಕುಣಿಯುತ್ತ,
ಎದುರಿನ ಗಾಜಿನಲ್ಲಿ ಊರಿನ ಎರಡು ದೀಪ
ನಿಧಾನಕ್ಕೆ ಕೆಳಗೆ, ಇನ್ನೂ ಕೆಳಗೆ,
ಯಾರೋ ನನ್ನನ್ನು ಬಾವಿಯಿಂದ ಸೇದಿದ ಹಾಗೆ.
ಕರುವೂ ಹಿಂಗಾಲು ಮುಂದಾಗಿಯೇ ಬಂತು.
ಕಟ್ಟಿದ ಮಾತಲ್ಲ, ರಿಜಿಸ್ಟರಿನಲ್ಲಿ ಬರೆದಿದ್ದೇನೆ.
ಅದು ಉಳಿಯಿತು.
ಎಮ್ಮೆ ಉಳಿಯಲಿಲ್ಲ.
ಕೆಸರಿನಲ್ಲಿ ಹೋದದ್ದು ಇಪ್ಪತ್ತು ನಿಮಿಷ.
ಬೇಗ ಬಂದಿದ್ದರೂ ಅಷ್ಟೇ ಆಗಿತ್ತು, ಎಂದ ಪುಂಡಲೀಕ,
ಕೈ ತೊಳೆಯಲು ನೀರು ಹೊಯ್ಯುತ್ತ.
ಅವನು ಒಳ್ಳೆಯವನು. ಅದಕ್ಕೇ ನಂಬಲಾಗುವುದಿಲ್ಲ.

“ಮೇಡಂ, ಟೆಸ್ಟ್ ಡ್ರೈವ್?”
ಎರಡರದ್ದೇ ಮೊದಲು, ಅಂದೆ.
ಶೋರೂಮಿನ ಹಿಂದೆ ಸರ್ವಿಸಿಗೆ ಹೋಗುವ ಏರು,
ಕಾರು ತೊಳೆದ ಸೋಪಿನ ನೀರು ಹರಿಯುತ್ತಿತ್ತು.
ಬುಡದಲ್ಲಿ ನಿಲ್ಲಿಸಿ ಮುಖ ತಿರುಗಿಸಿದೆ.
ಸ್ವಿಝೆಲ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದಳು.
“ಮೇಡಂ, ಗೇಟು ಆ ಕಡೆ.”
ಗೊತ್ತು, ಅಂದೆ, ಕುತ್ತಿಗೆ ಹೊರಳಿಸಿ.
ಅದಿರಲಿ,
ಈ ಹಿಂದಿನ ಗಾಜು ಯಾಕೆ ಇಷ್ಟು ಕಿರಿದು?